ನಿಂತ್ಕೊಳ್ಳೋಕೂ ಫೀಸಾ?

ನಮ್ಮ ಮೈಯ ಓರೆಕೋರೆ ಡಾಕ್ಟರಿಗಿಂತ ಮೊದಲು ಟೈಲರಿಗೆ ಗೊತ್ತಾಗುತ್ತದೆ. ಕಟ್ಟಿನಕೆರೆ ಮಾರ್ಕೆಟ್ ಹತ್ತಿರ ನನಗೆ ಬ್ಲೌಸ್ ಹೊಲಿಯುವಾಕೆ ಒಂದು ದಿನ ಟೇಪನ್ನು ಆ ಕಡೆ ಈ ಕಡೆ ಎಳೆದಾಡಿ, "ಅಕ್ಕ, ನಿಮ್ಮ ಬಲಗಡೆ ಭುಜ ಇಳಿದಿದೆ. ನಾನೂ ಎಷ್ಟೋ ವರ್ಷದಿಂದ ಅಡ್ಜಸ್ಟ್ ಮಾಡಿ ಹೊಲೀತಾ ಇದೀನಿ" ಅಂದಳು. ಎಷ್ಟೋ ವರ್ಷದಿಂದ! ಮದುವೆ, ಮುಂಜಿ, ಗೃಹಪ್ರವೇಶ ಎಲ್ಲದರ ಫೋಟೋಗಳಲ್ಲೂ ನಾನು ವಾಲಿಕೊಂಡೇ ನಿಂತಿದ್ದೆ, ಆ ಗುಟ್ಟು ಅವಳಿಗೊಬ್ಬಳಿಗೇ ಗೊತ್ತಿತ್ತು.

ಕಾರಣ ಹುಡುಕಲು ದೂರ ಹೋಗಬೇಕಿರಲಿಲ್ಲ. ದಿನಾ ಹಾಸನದಿಂದ ಬೇಲೂರಿಗೆ ಬಸ್ಸಿನಲ್ಲಿ ಹೋಗಿಬರುವ ನೌಕರಿ ನನ್ನದು. ಊಟದ ಡಬ್ಬಿ, ನೀರಿನ ಬಾಟಲಿ, ಕೊಡೆ, ವಾಪಸ್ ಬರುವಾಗ ಎರಡು ಕೆಜಿ ಆಲೂಗಡ್ಡೆ, ಎಲ್ಲ ಒಂದೇ ಬ್ಯಾಗಿನಲ್ಲಿ. ಆ ಬ್ಯಾಗು ಒಂದೇ ಭುಜದ ಮೇಲೆ. ಆಫೀಸಿನ ಗೆಳತಿ ಅಯ್ಯಂಗಾರ್ ಯೋಗದ ಕ್ಲಾಸಿಗೆ ಸೇರಿಕೋ ಅಂದಳು. ಅಲ್ಲಿ ಮೈಯನ್ನು ಇಂಚು ಇಂಚು ನೋಡಿ ನೆಟ್ಟಗೆ ಮಾಡುತ್ತಾರಂತೆ.

"ಅಯ್ಯಂಗಾರ್ ಬೇಕರಿ ಗೊತ್ತು. ಇದ್ಯಾವುದು ಅಯ್ಯಂಗಾರ್ ಯೋಗ?" ಎಂದು ಅತ್ತೆ ಕೇಳಿದರು. ಅವರ ತಪ್ಪಿಲ್ಲ. ಬೆಂಗಳೂರಿಗೆ ಹೋಗಿ ಬೇಕರಿ ಇಟ್ಟ ಅಯ್ಯಂಗಾರರಲ್ಲಿ ಬಹಳ ಜನ ನಮ್ಮ ಹಾಸನದ ಕಡೆಯವರು. ನಾನು ಈ ಯೋಗಪದ್ಧತಿ ಕಟ್ಟಿದ ಬಿ.ಕೆ.ಎಸ್. ಅಯ್ಯಂಗಾರರ ಬಗ್ಗೆ ಹೇಳಿದೆ. 1918ರಲ್ಲಿ ಬೆಳ್ಳೂರಿನಲ್ಲಿ ಹುಟ್ಟಿದವರು ಅಂದೆ. "ಓ, ನಮ್ಮ ಬೆಳ್ಳೂರು ಕ್ರಾಸಿನವರಾ? ಬಸ್ಸು ಟೀಗೆ ನಿಲ್ಲಿಸ್ತಾರಲ್ಲ, ಅಲ್ಲಿಯವರು?" ಅಲ್ಲ, ಇದು ಕೋಲಾರದ ಬೆಳ್ಳೂರು ಅಂದೆ. ಅತ್ತೆಗೆ ಅರ್ಧ ಆಸಕ್ತಿ ಹೋಯಿತು. ಉಳಿದರ್ಧ ಉಳಿಸಿಕೊಳ್ಳೋಣ ಅಂತ, ಬೆಲ್ಜಿಯಂ ದೇಶದ ರಾಣಿ ಎಂಬತ್ತು ದಾಟಿದ ಮೇಲೆ ಇವರ ಹತ್ತಿರ ಶೀರ್ಷಾಸನ ಕಲಿತಳು ಎಂದೆ. "ಅವಳ ಮನೇಲಿ ಮುದ್ದೆ ತೊಳಸೋಕೆ ಬೇರೆಯವರು ಇರ್ತಾರೆ ಬಿಡು" ಅಂದರು.

ನಿಜ ಹೇಳಬೇಕೆಂದರೆ ಊರಿನ ಅಭಿಮಾನಕ್ಕೆ ನಾನು ಅಷ್ಟಾಂಗ ವಿನ್ಯಾಸ ಎಂಬ ಇನ್ನೊಂದು ಬಗೆಯ ಯೋಗ ಕಲಿಯಬೇಕಿತ್ತು. ಅದನ್ನು ಹೆಸರುವಾಸಿ ಮಾಡಿದ ಪಟ್ಟಾಭಿ ಜೋಯಿಸರು ಇಲ್ಲೇ ಹಾಸನದ ಪಕ್ಕದ ಕೌಶಿಕದಲ್ಲಿ 1915ರಲ್ಲಿ ಹುಟ್ಟಿದವರು. 1927ರಲ್ಲಿ ಹಾಸನದಲ್ಲಿ ಯೋಗಗುರು ಕೃಷ್ಣಮಾಚಾರ್ಯರ ಆಸನ ಪ್ರದರ್ಶನ ನೋಡಿ ಶಿಷ್ಯರಾದರು. ಕೃಷ್ಣಮಾಚಾರ್ಯರೂ ಹೊಟ್ಟೆಪಾಡಿಗೆ ನಮ್ಮ ಸೀಮೆಯ ಕಾಫಿ ತೋಟದಲ್ಲಿ ಕೆಲಸ ಮಾಡಿದವರೇ. ಆದರೆ ಅಷ್ಟಾಂಗದಲ್ಲಿ ಉಸಿರಿನ ಲೆಕ್ಕಕ್ಕೆ ಒಂದು ಆಸನದಿಂದ ಇನ್ನೊಂದಕ್ಕೆ ಹಾರಬೇಕು. ಅಭಿಮಾನ ಕೌಶಿಕಕ್ಕೆ ಓಟು ಹಾಕಿತು, ಮಂಡಿ ಕೋಲಾರಕ್ಕೆ ಹಾಕಿತು. ಮಂಡಿ ಗೆದ್ದಿತು. ಅಯ್ಯಂಗಾರರು ಚಿಕ್ಕಂದಿನಲ್ಲಿ ಮಲೇರಿಯಾ, ಟೈಫಾಯಿಡ್, ಕ್ಷಯ ಎಲ್ಲ ಕಂಡವರು. ಅದಕ್ಕೇ ಇರಬೇಕು, ಕೈ ನೆಲಕ್ಕೆ ಮುಟ್ಟದವರಿಗೆ ಇಟ್ಟಿಗೆ, ಪಾದಕ್ಕೆ ಕೈ ಎಟುಕದವರಿಗೆ ಬೆಲ್ಟು, ಹಿಂದಕ್ಕೆ ಬಾಗಲಾರದವರಿಗೆ ಕುರ್ಚಿ ಎಂದು ಉಪಾಯ ಮಾಡಿಟ್ಟಿದ್ದಾರೆ. ನಾನು ಈ ಮೂರೂ ಪಟ್ಟಿಯಲ್ಲಿದ್ದೇನೆ.

ಮೊದಲ ದಿನ ಕಲಿಸಿದ್ದು ತಾಡಾಸನ. ಅಂದರೆ ನಿಂತುಕೊಳ್ಳುವುದು. "ಹೆಬ್ಬೆರಳಿನ ಬುಡ ಒತ್ತಿ. ಹಿಮ್ಮಡಿಯ ಹೊರಗಡೆ ಒತ್ತಿ. ಮಂಡಿಚಿಪ್ಪು ಮೇಲಕ್ಕೆ ಎಳೀರಿ. ತೊಡೆ ಹಿಂದಕ್ಕೆ. ಬಾಲದ ಮೂಳೆ ಒಳಗೆ. ಎದೆ ಮೇಲೆ, ಭುಜ ಕೆಳಗೆ." ಒಂದನ್ನು ಹಿಡಿಯುವಷ್ಟರಲ್ಲಿ ಇನ್ನೊಂದು ಕೈಬಿಟ್ಟು ಹೋಗುತ್ತಿತ್ತು. ಮಂಡಿಚಿಪ್ಪನ್ನು ಎಳೆಯುವುದು ಹೇಗೆ, ಅದಕ್ಕೇನು ಹಗ್ಗ ಇದೆಯಾ? ಬೆವರು ಒರೆಸಿಕೊಂಡು ಮನೆಗೆ ಬಂದೆ. ಇವತ್ತೇನು ಹೇಳಿಕೊಟ್ಟರು ಎಂದು ಅತ್ತೆ ಕೇಳಿದರು. ನಿಂತುಕೊಳ್ಳೋದು ಅಂದೆ. "ನಿಂತ್ಕೊಳ್ಳೋಕೂ ಫೀಸಾ?"

ಕಷ್ಟ ಏನು ಗೊತ್ತಾ? ನಮ್ಮ ಮೈ ನಮಗೇ ಸುಳ್ಳು ಹೇಳುತ್ತದೆ. ನಾನು ನೆಟ್ಟಗಿದ್ದೇನೆ ಎಂದು ಪ್ರಮಾಣ ಮಾಡುವಷ್ಟು ಧೈರ್ಯದಲ್ಲಿ ನಿಂತಿದ್ದರೆ, ಟೀಚರ್ ಬಂದು ಸೊಂಟವನ್ನು ಎರಡು ಬೆರಳಿನಲ್ಲಿ ಎಡಕ್ಕೆ ತಳ್ಳುತ್ತಾರೆ. ಆಗ ಬಿದ್ದೇ ಹೋಗುತ್ತೇನೆ ಅನ್ನಿಸುತ್ತದೆ. "ಈಗ ನೆಟ್ಟಗಿದೀರ" ಅನ್ನುತ್ತಾರೆ. ಕನ್ನಡಿಯಲ್ಲಿ ನೋಡಿದರೆ ಹೌದು! ಇಷ್ಟು ವರ್ಷ ವಾಲಿದ್ದೇ ಮೆದುಳಿಗೆ ರೂಢಿಯಾಗಿ, ನೆಟ್ಟಗಿರುವುದೇ ಸೊಟ್ಟ ಅನ್ನಿಸುತ್ತದೆ. ತ್ರಿಕೋನಾಸನದಲ್ಲಂತೂ ಮುಂದಿನ ಹಿಮ್ಮಡಿ ಹಿಂದಿನ ಪಾದದ ನಡುವಿಗೆ ಸರಿಯಾಗಿ ಗೆರೆ ಹೊಡೆದ ಹಾಗೆ ಬರಬೇಕು. ನಾನು ಗೆರೆಯ ಮೇಲೆ ನಿಂತೆ ಅಂದುಕೊಂಡಾಗ ಅದು ಪಕ್ಕದವರ ಚಾಪೆಯ ಗೆರೆಯಾಗಿತ್ತು.

ಈ ವಿಷಯದಲ್ಲಿ ನಮ್ಮ ಜಿಲ್ಲೆಗೇ ಒಂದು ಸ್ಪಷ್ಟ ಅಭಿಪ್ರಾಯವಿಲ್ಲ. ಶ್ರವಣಬೆಳಗೊಳದಲ್ಲಿ 58 ಅಡಿಯ ಗೊಮ್ಮಟ ಸಾವಿರಕ್ಕೂ ಜಾಸ್ತಿ ವರ್ಷದಿಂದ ಮಂಡಿ ಬಿಗಿದು, ಎರಡೂ ಪಾದಕ್ಕೆ ಸಮ ಭಾರ ಕೊಟ್ಟು, ಭುಜ ಇಳಿಬಿಟ್ಟು ನಿಂತಿದ್ದಾನೆ. ನಮ್ಮ ಟೀಚರ್ ನೋಡಿದರೆ ಒಂದು ಬೆರಳೂ ತಾಗಿಸುವ ಹಾಗಿಲ್ಲ. ಅದೇ ನಾನು ಕೆಲಸ ಮಾಡುವ ಬೇಲೂರಿನಲ್ಲಿ, 1117ರಲ್ಲಿ ಪ್ರತಿಷ್ಠೆಯಾದ ದೇವಸ್ಥಾನದ ಮದನಿಕೆಯರು ಕತ್ತು ಒಂದು ಕಡೆ, ಸೊಂಟ ಒಂದು ಕಡೆ, ಮಂಡಿ ಇನ್ನೊಂದು ಕಡೆ. ಅವರು ಮೂರು ಕಡೆ ಬಾಗಿದರೆ ತ್ರಿಭಂಗಿ, ದೇಶವಿದೇಶದಿಂದ ಬಂದು ಫೋಟೋ ಹೊಡೆದುಕೊಳ್ಳುತ್ತಾರೆ. ನಾನು ಒಂದೇ ಕಡೆ ಬಾಗಿದರೆ ಬೈಗುಳ. ಇದನ್ನು ಟೀಚರಿಗೆ ಹೇಳಿಯೂ ಬಿಟ್ಟೆ. "ಅವರು ಕಲ್ಲು ಮೇಡಂ, ಅವರಿಗೆ ಸೊಂಟ ನೋವು ಬರಲ್ಲ. ತೊಡೆ ಹಿಂದಕ್ಕೆ" ಅಂದರು.

ಮನೆಯಲ್ಲೂ ಅಭ್ಯಾಸ ಮಾಡಬೇಕಲ್ಲ. ಪಕ್ಕದ ಸೈಟಿನ ಮೇಸ್ತ್ರಿಯನ್ನು ಕೇಳಿ ನಾಲ್ಕು ಇಟ್ಟಿಗೆ ತಂದು ಹಳೇ ಸೀರೆ ಸುತ್ತಿದೆ. ಸಂಜೆಗೆ ಎದುರುಮನೆಯವರು ಬಂದು, ಮಹಡಿ ಕಟ್ಟಿಸ್ತಿದೀರಂತೆ, ಬಾಡಿಗೆಗೆ ಕೊಡೋದಾದ್ರೆ ನಮ್ಮ ತಮ್ಮನಿಗೇ ಹೇಳಿ ಅಂದರು. ಬೆಲ್ಟಿನ ಬದಲು ನಮ್ಮನೆಯವರ ಪಂಚೆ ಆಯಿತು. ಅದು ಜಾರುತ್ತದೆ ಅಂತ ಅವರ ಪ್ಯಾಂಟಿನ ಬೆಲ್ಟಿಗೇ ಕೈ ಹಾಕಿದೆ. ಅವರು ಒಂದು ದಿನ ಎಡಗೈಯಲ್ಲಿ ಪ್ಯಾಂಟು ಹಿಡಿದುಕೊಂಡು ಡ್ಯೂಟಿಗೆ ಹೋದ ಮೇಲೆ ಆ ಪ್ರಯೋಗ ನಿಂತಿತು.

ಅಷ್ಟರಲ್ಲಿ ಭುಜ ನಿಜವಾಗಿಯೂ ಸುಧಾರಿಸತೊಡಗಿತ್ತು. ಸುಧಾರಿಸಿದ್ದಕ್ಕೆ ದಂಡವನ್ನೂ ತೆತ್ತೆ. ಬೀರುವಿನಲ್ಲಿದ್ದ ಬ್ಲೌಸುಗಳೆಲ್ಲ ವಾಲಿದ ಭುಜದ ಅಳತೆಗೆ ಹೊಲಿದವು. ಒಂದೊಂದೂ ಈಗ ಇನ್ನೊಂದು ಕಡೆಗೆ ಎಳೆಯುತ್ತಿತ್ತು.

ಭುಜಕ್ಕಿಂತ ಜಾಸ್ತಿ ಬದಲಾಗಿದ್ದು ಕಣ್ಣು. ಯಾರು ಕಂಡರೂ ಮೊದಲು ಅವರ ಮಂಡಿ ಕಾಣಿಸುತ್ತದೆ. ಕಂಡಕ್ಟರ್ ಕಂಬಕ್ಕೆ ಒರಗಿ ಟಿಕೆಟ್ ಹರಿಯುವಾಗ, ಸ್ವಲ್ಪ ಎಡಗಾಲಿಗೂ ಭಾರ ಕೊಡಪ್ಪ ಅನ್ನಿಸುತ್ತದೆ. ಒಂದು ರಿಸೆಪ್ಷನ್ನಿನಲ್ಲಿ ಮುಯ್ಯಿ ಕವರ್ ಕೊಡುತ್ತಾ ಮದುಮಗನಿಗೆ, "ಮಂಡಿ ಹಿಂದಕ್ಕೆ ತಳ್ಳಬೇಡ ಕಣಪ್ಪ, ಇನ್ನೂ ಎರಡು ಗಂಟೆ ನಿಲ್ಲಬೇಕು" ಅಂದೆ. ಅವನು ಸಾವಧಾನ ಸ್ಥಿತಿಗೆ ಬಂದುಬಿಟ್ಟ. ಆಲ್ಬಮ್ಮಿನಲ್ಲಿ ಅಲ್ಲಿಂದ ಮುಂದಿನ ಫೋಟೋಗಳಲ್ಲಿ ಅವನು ಎನ್‌ಸಿಸಿ ಪೆರೇಡಿಗೆ ಬಂದವನ ಹಾಗಿದ್ದಾನೆ ಎಂದು ನೆಂಟರು ಆಮೇಲೆ ಹೇಳಿದರು.

ಇನ್ನು ಕುರ್ಚಿ. ಅಯ್ಯಂಗಾರ್ ಯೋಗದಲ್ಲಿ ಕಬ್ಬಿಣದ ಮಡಚುವ ಕುರ್ಚಿಯ ಬೆನ್ನಿನ ತಗಡು ತೆಗೆದಿರುತ್ತಾರೆ. ಚೌಕಟ್ಟು ಮಾತ್ರ ಇರುತ್ತದೆ. ಅದರೊಳಗೆ ಕಾಲು ತೂರಿಸಿ ಕೂತು ಹಿಂದಕ್ಕೆ ಬಾಗಬೇಕು. ಮನೆಯಲ್ಲಿದ್ದ ಕುರ್ಚಿಯನ್ನು ವೆಲ್ಡಿಂಗ್ ಅಂಗಡಿಗೆ ಹೊತ್ತುಕೊಂಡು ಹೋದೆ. ಬೆನ್ನು ಕಿತ್ತುಹೋದ ಕುರ್ಚಿಗೆ ಬೆನ್ನು ಹಾಕಿಸುವವರನ್ನು ನೋಡಿದ್ದ ಹುಡುಗ, ಸರಿಯಾಗಿರುವುದನ್ನು ಕೀಳಿಸುವವಳನ್ನು ಕಂಡಿರಲಿಲ್ಲ. "ಮನೇಲಿ ಕೇಳ್ಕೊಂಡು ಬಂದಿದೀರ ತಾನೇ?" ಅಂದ.

ಆ ಭಾನುವಾರ ಸಕಲೇಶಪುರದಿಂದ ಅತ್ತೆಯ ತಮ್ಮ ಬಂದರು. ತೆಳ್ಳಗಿನ ಆಸಾಮಿ. ಸೋಫಾದ ಮೇಲೆ ಒಗೆದ ಬಟ್ಟೆ ರಾಶಿ ಇತ್ತು, ಕುರ್ಚಿ ಎಳೆದುಕೊಂಡರು. ಕೂತರು. ಕಾಫಿ ಲೋಟ ಬಾಯಿಗಿಟ್ಟು, ಈ ವರ್ಷದ ಮೆಣಸಿನ ರೇಟು ಹೇಳುತ್ತಾ ಹಾಯಾಗಿ ಹಿಂದಕ್ಕೆ ಒರಗಿದರು. ಸೊಂಟ ಚೌಕಟ್ಟಿನೊಳಗೆ ಜಾರಿತು. ಕಾಲು ಮುಂದಕ್ಕೆ ಎದ್ದವು, ತಲೆ ಹಿಂದಕ್ಕೆ ಹೋಯಿತು. ಕಾಫಿ ಬಟ್ಟೆ ರಾಶಿಯ ಮೇಲೆ. ಅತ್ತೆ ಕೂಗಿಕೊಂಡರು. ನಾನು ಓಡಿಹೋಗಿ ಕೈ ಹಿಡಿದೆ. ಆದರೆ ನನ್ನ ಬಾಯಿಂದ ಬಂದ ಮಾತು, "ಮಾವ, ಕತ್ತು ಸಡಿಲ ಬಿಡಿ. ಎದೆ ಎತ್ತಿ. ಪಾದ ಸಮಕ್ಕಿರಲಿ."

ಪೆಟ್ಟೇನೂ ಆಗಲಿಲ್ಲ. ಎಳೆದು ಕೂರಿಸಿದ ಮೇಲೆ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಬೆನ್ನು ಲಟಲಟ ಅಂತು ಕಣಮ್ಮ, ಚೆನ್ನಾಗಿದೆ" ಅಂದರು. ಅತ್ತೆ ಮಾತ್ರ, ದುಡ್ಡು ಕೊಟ್ಟು ಕೀಳಿಸಿದ ಬೆನ್ನನ್ನು ದುಡ್ಡು ಕೊಟ್ಟೇ ಹಾಕಿಸು ಎಂದು ಪಟ್ಟು ಹಿಡಿದರು. ಕೇಳಿದರೆ ತಗಡು ಆಗಲೇ ಗುಜರಿಗೆ ಹೋಗಿತ್ತು. ಕೊನೆಗೆ ನಮ್ಮನೆಯವರು ಒಂದು ರಟ್ಟಿನ ಮೇಲೆ 'ಒರಗಬಾರದು' ಎಂದು ದಪ್ಪಕ್ಷರದಲ್ಲಿ ಬರೆದು ಚೌಕಟ್ಟಿಗೆ ತೂಗುಹಾಕಿದರು. ಈಗ ಬಂದವರು ಅದನ್ನು ಓದುತ್ತಾರೆ, ಕುರ್ಚಿಯನ್ನು ಅನುಮಾನದಿಂದ ನೋಡುತ್ತಾರೆ, ಪರವಾಗಿಲ್ಲ ಬಿಡಿ ಎಂದು ನಿಂತುಕೊಂಡೇ ಕಾಫಿ ಕುಡಿಯುತ್ತಾರೆ. ಎಲ್ಲರೂ ಒಂದೇ ಕಾಲಿನ ಮೇಲೆ ಭಾರ ಹಾಕಿಕೊಂಡು.