ಎಸಿ ಕೆಟ್ಟಾಗ ಯೋಚಿಸಿ, ಫರ್ನೆಸ್ ಕೆಡೋವರೆಗೂ ಕಾಯಬೇಡಿ

ಅಮೆರಿಕದಲ್ಲಿ ಮನೆ ಕೊಂಡಿರುವ ನಮ್ಮವರ ವಾಟ್ಸಾಪ್ ಗುಂಪುಗಳಲ್ಲಿ ಚಳಿಗಾಲ ಬಂತೆಂದರೆ ಇದೊಂದು ಪ್ರಶ್ನೆ ತಪ್ಪಿದ್ದಲ್ಲ: "ಫರ್ನೆಸ್ ಕೈಕೊಟ್ಟಿದೆ, ಹೀಟ್ ಪಂಪ್ ಹಾಕಿಸಲೋ, ಮತ್ತೆ ಗ್ಯಾಸ್ ಫರ್ನೆಸ್ಸೇ ಹಾಕಿಸಲೋ?" ಫರ್ನೆಸ್ ಅಂದರೆ ಗ್ಯಾಸ್ ಉರಿಸಿ ಮನೆಗೆ ಬಿಸಿಗಾಳಿ ಕೊಡುವ ಯಂತ್ರ; ಹೀಟ್ ಪಂಪ್ ಅದೇ ಕೆಲಸವನ್ನು ಕರೆಂಟಿನಲ್ಲಿ ಮಾಡುತ್ತೆ. ಹೊರಗೆ ಹಿಮ ಬೀಳ್ತಾ, ಒಳಗೆ ಮಕ್ಕಳು ಜಾಕೆಟ್ ಹಾಕಿಕೊಂಡು ಕೂತಿರುವಾಗ ಇದಕ್ಕೆ ಒಳ್ಳೇ ಉತ್ತರ ಸಿಗಲ್ಲ. ಅವತ್ತು ಯಾರು ಮೊದಲು ಫೋನ್ ಎತ್ತುತ್ತಾರೋ, ಅವರ ಗೋಡೌನಿನಲ್ಲಿ ಏನಿದೆಯೋ ಅದೇ ನಿಮ್ಮ ಬೇಸ್‌ಮೆಂಟಿಗೆ ಬಂದು ಕೂರೋದು. ಈ ತೀರ್ಮಾನ ಆಗಬೇಕಾದ್ದು ಬೇಸಿಗೆಯಲ್ಲಿ, ಎಸಿ ಹೋದಾಗ.

ಯಾಕೆಂದರೆ ಹೀಟ್ ಪಂಪ್ ಅನ್ನೋದು ಎಸಿಯೇ. ಅದೇ ಕಂಪ್ರೆಸರ್, ಅದೇ ತಾಮ್ರದ ಪೈಪು, ಅದೇ ಕಾಯಿಲ್. ಜೊತೆಗೆ, ಚಳಿಗಾಲದಲ್ಲಿ ಹೊರಗಿನ ಶಾಖವನ್ನು ಒಳಗೆ ತರಲು, ಪೈಪಿನೊಳಗಿನ ರೆಫ್ರಿಜರೆಂಟ್ ಹರಿಯುವ ದಿಕ್ಕನ್ನು ತಿರುಗಿಸುವ ರಿವರ್ಸಿಂಗ್ ವಾಲ್ವ್ ಒಂದು, ಮಂಜುಗಡ್ಡೆ ಕರಗಿಸಲು ಡೀಫ್ರಾಸ್ಟ್ ಬೋರ್ಡ್ ಒಂದು. ಇಷ್ಟಕ್ಕಾಗಿ, ಹೇಗೂ ಹೊಸ ಎಸಿಗೆ ಸಾವಿರಾರು ಡಾಲರ್ ಕೊಡುತ್ತಿರುವಾಗ, ಮುಂದಿನ ಹದಿನೈದು ವರ್ಷ ಬರೀ ತಂಪು ಮಾಡುವ ಪೆಟ್ಟಿಗೆಯನ್ನೇ ಹಾಕಿಸಿಕೊಳ್ಳೋದು ನನ್ನ ಪ್ರಕಾರ ದುಡ್ಡು ದಂಡ. ಫರ್ನೆಸ್ ಇನ್ನೂ ಚೆನ್ನಾಗಿದ್ದರೆ ಇರಲಿ ಬಿಡಿ. ಸಾಧಾರಣ ಚಳಿಗೆ ಹೀಟ್ ಪಂಪ್, ಕೊರೆಯುವ ಚಳಿಗೆ ಗ್ಯಾಸ್. ಇದಕ್ಕೆ ಡ್ಯುಯಲ್ ಫ್ಯೂಯಲ್ ಅಂತಾರೆ.

ಎಷ್ಟು ಚಳಿಯವರೆಗೆ ಹೀಟ್ ಪಂಪ್ ಲಾಭ? ಇದನ್ನು ಸೇಲ್ಸ್‌ನವರನ್ನು ಕೇಳಬೇಡಿ, ನಿಮ್ಮ ಬಿಲ್ಲನ್ನು ಕೇಳಿ. ಗ್ಯಾಸ್ ಬಿಲ್ಲಿನ ಅಳತೆ ಥರ್ಮ್. ಒಂದು ಥರ್ಮ್ ಗ್ಯಾಸ್‌ನಲ್ಲಿ 29.3 ಕಿಲೋವ್ಯಾಟ್ ಅವರ್‌ನಷ್ಟು ಶಾಖ ಇರುತ್ತೆ. 95 ಶೇಕಡಾ ದಕ್ಷತೆಯ ಫರ್ನೆಸ್ ಅದರಲ್ಲಿ 27.8 ಅನ್ನು ಮನೆಗೆ ಕೊಡುತ್ತೆ. ಸಪ್ಲೈ, ಡೆಲಿವರಿ ಎರಡೂ ಸೇರಿ ಥರ್ಮ್‌ಗೆ ಒಂದೂವರೆ ಡಾಲರ್ ಬೀಳುತ್ತಿದ್ದರೆ ಒಂದು ಯೂನಿಟ್ (ಅಂದರೆ ಒಂದು ಕಿಲೋವ್ಯಾಟ್ ಅವರ್) ಶಾಖಕ್ಕೆ 5.4 ಸೆಂಟ್ ಆಯಿತು. ಕರೆಂಟು ಯೂನಿಟ್‌ಗೆ 16 ಸೆಂಟ್ ಇದ್ದರೆ, 16ನ್ನು 5.4ರಿಂದ ಭಾಗಿಸಿ: ಹತ್ತಿರಹತ್ತಿರ 3. ಅಂದರೆ ಒಂದು ಯೂನಿಟ್ ಕರೆಂಟ್ ತಿಂದು ಮೂರು ಯೂನಿಟ್ ಶಾಖ ಕೊಡುವಷ್ಟು ಹೊತ್ತು ಹೀಟ್ ಪಂಪ್ ಅಗ್ಗ. ಈ ಅನುಪಾತವೇ ಸಿಒಪಿ. ಚಳಿ ಹೆಚ್ಚಿದಷ್ಟೂ ಅದು ಇಳಿಯುತ್ತೆ. ಕಂಪನಿಯವರ ಪರ್ಫಾರ್ಮೆನ್ಸ್ ಟೇಬಲ್‌ನಲ್ಲಿ ಸಿಒಪಿ 3ಕ್ಕೆ ಇಳಿಯುವ ಡಿಗ್ರಿ ಯಾವುದೋ ನೋಡಿ, ಥರ್ಮೋಸ್ಟಾಟ್‌ನಲ್ಲಿ ಫರ್ನೆಸ್‌ಗೆ ಬದಲಾಗುವ ಬಿಂದುವನ್ನು ಅಲ್ಲಿಗೇ ಇಡಿ. ಬಿಲ್ಲಿನ ತಿಂಗಳ ಸ್ಥಿರ ಶುಲ್ಕವನ್ನು ಲೆಕ್ಕಕ್ಕೆ ಸೇರಿಸಬೇಡಿ. ಗ್ಯಾಸ್ ಒಲೆ, ಗೀಸರ್ ಇರುವ ತನಕ ಅದು ಹೇಗೂ ಕಟ್ಟಬೇಕಾದ್ದೇ.

ಇದೇ ಲೆಕ್ಕ ಊರಿಂದೂರಿಗೆ ತಲೆಕೆಳಗಾಗುತ್ತೆ. ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಯೂನಿಟ್‌ಗೆ 40 ಸೆಂಟ್ ಕೊಡುವ ಮನೆ, ಗ್ಯಾಸ್ ಎರಡೂವರೆ ಡಾಲರ್ ಅಂದುಕೊಳ್ಳಿ. ಅಲ್ಲಿ ಸಿಒಪಿ 4.4 ಬೇಕು. ಹವೆ ಎಷ್ಟೇ ಹಿತವಾಗಿದ್ದರೂ, ಸೂರಿನ ಮೇಲೆ ಸೋಲಾರ್ ಇಲ್ಲದಿದ್ದರೆ ಬಿಲ್ಲಿನಲ್ಲಿ ಗೆಲ್ಲೋದು ಕಷ್ಟ. ಪೈಪ್ ಗ್ಯಾಸ್ ಇಲ್ಲದೆ ಪ್ರೊಪೇನ್ ಉರಿಸುವ ಮನೆಯಲ್ಲಿ ಇದಕ್ಕೆ ಪೂರ್ತಿ ಉಲ್ಟಾ. ಗ್ಯಾಲನ್‌ಗೆ 2.75 ಡಾಲರ್ ಆದರೆ ಒಂದು ಯೂನಿಟ್ ಶಾಖಕ್ಕೆ 10.8 ಸೆಂಟ್. 16 ಸೆಂಟಿನ ಕರೆಂಟಿನಲ್ಲಿ ಸಿಒಪಿ 1.5 ಇದ್ದರೂ ಸಾಕು. ಅಮೆರಿಕದ ಈಶಾನ್ಯ ರಾಜ್ಯಗಳಲ್ಲಿ ಇಂಧನ ಉಳಿತಾಯಕ್ಕೆ ಕೆಲಸ ಮಾಡುವ ನೀಪ್ (NEEP) ಸಂಸ್ಥೆಯ ಕೋಲ್ಡ್ ಕ್ಲೈಮೇಟ್ ಪಟ್ಟಿಗೆ, ಅಂದರೆ ಕೊರೆಯುವ ಚಳಿಗೆ ಆಗುವ ಹೀಟ್ ಪಂಪ್‌ಗಳ ಪಟ್ಟಿಗೆ, ಸೇರಬೇಕಾದರೆ 5 ಡಿಗ್ರಿ ಫ್ಯಾರನ್‌ಹೀಟ್‌ನಲ್ಲೂ ಸಿಒಪಿ 1.75 ಕೊಡಬೇಕು. ಅಂಥ ಮನೆಯವರು ಇನ್ನೂ ಯೋಚಿಸುತ್ತಿದ್ದರೆ ಯಾಕೆ ಅಂತ ನನಗೆ ಅರ್ಥವಾಗಲ್ಲ.

ಎಲ್ಲಕ್ಕಿಂತ ಹೆಚ್ಚು ಎಡವಟ್ಟಾಗೋದು ಸೈಜಿನಲ್ಲಿ. ಚದರಡಿ ಕೇಳಿ, ಮನೆ ಒಂದು ಸುತ್ತು ಬಂದು "ನಾಲ್ಕು ಟನ್" ಅನ್ನುವವರನ್ನು ಕಾಫಿ ಕೊಟ್ಟು ಕಳಿಸಿಬಿಡಿ. (ಟನ್ ಅಂದರೆ ಇಲ್ಲಿ ತೂಕವಲ್ಲ, ಗಂಟೆಗೆ 12,000 ಬಿಟಿಯು ಶಾಖ ಸಾಗಿಸುವ ಸಾಮರ್ಥ್ಯ; ಬಿಟಿಯು ಅನ್ನೋದು ಶಾಖದ ಅಳತೆ.) ಮನೆಗೆ ಎಷ್ಟು ಶಾಖ, ಎಷ್ಟು ತಂಪು ಬೇಕು ಅಂತ ಹೇಳುವ ಮ್ಯಾನ್ಯುಯಲ್ ಜೆ ಲೆಕ್ಕ ಕಾಗದದ ಮೇಲೆ ಕೇಳಿ. ಅದನ್ನು ತಾಳೆ ನೋಡಲು ಒಂದು ಸುಲಭ ಉಪಾಯ ಇದೆ. ವರ್ಷದ ಅತಿ ಚಳಿಯ ರಾತ್ರಿ ಫರ್ನೆಸ್ ಗಂಟೆಗೆ ಎಷ್ಟು ನಿಮಿಷ ಉರಿಯಿತು ಅಂತ ಸ್ಮಾರ್ಟ್ ಥರ್ಮೋಸ್ಟಾಟ್ ಹೇಳುತ್ತೆ. ಸಿಂಗಲ್ ಸ್ಟೇಜ್ (ಉರಿದರೆ ಪೂರ್ತಿ ಉರಿಯುವ) ಫರ್ನೆಸ್, ಲೇಬಲ್ ಮೇಲೆ 80,000 ಬಿಟಿಯು, ದಕ್ಷತೆ 95 ಇದ್ದರೆ ಗಂಟೆಗೆ 76,000 ಮನೆಗೆ ಬರುತ್ತೆ. ಉರಿದದ್ದು 25 ನಿಮಿಷ ಅಂದರೆ ಮನೆಗೆ ಬೇಕಿರುವುದು ಸುಮಾರು 32,000 ಮಾತ್ರ. ಫರ್ನೆಸ್ ಎರಡು ಪಟ್ಟಿಗಿಂತ ದೊಡ್ಡದು! ಆದರೆ 32,000 ಅಂತ ಮೂರು ಟನ್ನಿನ ಸಾದಾ ಹೀಟ್ ಪಂಪ್ ತಂದರೂ ತಪ್ಪೇ. ಲೇಬಲ್ ಮೇಲಿನ ಶಾಖದ ಅಂಕಿ 47 ಡಿಗ್ರಿಯದ್ದು. 17 ಡಿಗ್ರಿಗೆ ಬಂದರೆ ಸಾದಾ ಮಾದರಿಗಳು ಮೂರನೇ ಒಂದು ಭಾಗ, ಕೆಲವು ಇನ್ನೂ ಹೆಚ್ಚು, ಕಳೆದುಕೊಳ್ಳುತ್ತವೆ. ಫರ್ನೆಸ್ ತೆಗೆದೇಬಿಡುವವರು ಇನ್ವರ್ಟರ್ ಕಂಪ್ರೆಸರ್ ಇರುವ ಕೋಲ್ಡ್ ಕ್ಲೈಮೇಟ್ ಮಾದರಿಯನ್ನೇ ನೋಡಬೇಕು. ಹಾಗಂತ ಚಳಿಗೆ ಹೆದರಿ ಐದು ಟನ್ ತಂದರೆ ನ್ಯೂಜೆರ್ಸಿಯ ಬೇಸಿಗೆಯಲ್ಲಿ ಐದೈದು ನಿಮಿಷಕ್ಕೆ ನಿಂತು ಹೊರಟು, ಮನೆ ತಣ್ಣಗಾದರೂ ಜಿಗುಟು ಹೋಗಲ್ಲ.

ಗಾಳಿ ಹರಿಯುವ ಕೊಳವೆಗಳ, ಅಂದರೆ ಡಕ್ಟ್‌ಗಳ, ವಿಷಯ ಯಾರೂ ಎತ್ತಲ್ಲ. ಹೀಟ್ ಪಂಪಿಗೆ ಟನ್ನಿಗೆ ನಿಮಿಷಕ್ಕೆ ಸುಮಾರು 400 ಘನ ಅಡಿ ಗಾಳಿ ಬೇಕು. ಡಕ್ಟ್ ಸಣ್ಣದಾಗಿದ್ದರೆ ಸದ್ದು ಜಾಸ್ತಿ, ಶಾಖ ಕಡಿಮೆ, ಕಂಪ್ರೆಸರ್ ಮೇಲೆ ಒತ್ತಡ. ಡಕ್ಟ್‌ನೊಳಗಿನ ಗಾಳಿಯ ಒತ್ತಡ, ಅಂದರೆ ಸ್ಟ್ಯಾಟಿಕ್ ಪ್ರೆಶರ್, ಅಳೆದು ತೋರಿಸಿ ಅನ್ನಿ. ಬಹಳಷ್ಟು ಬ್ಲೋವರ್‌ಗಳನ್ನು ಅರ್ಧ ಇಂಚು ನೀರಿನ ಒತ್ತಡಕ್ಕೆ ರೇಟ್ ಮಾಡಿರುತ್ತಾರೆ.

ಡ್ಯುಯಲ್ ಫ್ಯೂಯಲ್‌ನಲ್ಲಿ ಇನ್ನೊಂದು ಮರೆವು ವೈರು. ಹಳೇ ಎಸಿಯ ಹೊರಗಿನ ಯೂನಿಟ್‌ಗೆ ಎರಡೇ ಎಳೆ ಕಂಟ್ರೋಲ್ ವೈರ್ ಹೋಗಿರುತ್ತೆ. ಸಾದಾ 24 ವೋಲ್ಟ್ ಹೀಟ್ ಪಂಪಿಗೆ ಐದು ಬೇಕು. ಅದರಲ್ಲಿ ಒಂದು, ಡೀಫ್ರಾಸ್ಟ್ ಆಗುವಾಗ "ಒಳಗೆ ಬಿಸಿ ಕೊಡು" ಅಂತ ಫರ್ನೆಸ್‌ಗೆ ಹೇಳುವ ಎಳೆ. ಅದನ್ನು ಜೋಡಿಸದೇ ಬಿಟ್ಟರೆ ಆಗಾಗ ಕೆಲವು ನಿಮಿಷ ತಣ್ಣನೆ ಗಾಳಿ ಮುಖಕ್ಕೆ ಹೊಡೆಯುತ್ತೆ, ಬೈಗುಳ ಹೀಟ್ ಪಂಪಿಗೆ. ಡೀಫ್ರಾಸ್ಟ್ ಹೊತ್ತಲ್ಲಿ ಹೊರಗಿನ ಯೂನಿಟ್‌ನಿಂದ ಏಳೋದು ಹೊಗೆಯಲ್ಲ, ಆವಿ. ಕರಗಿದ ನೀರು ಹರಿದುಹೋಗುವಂತೆ, ಹಿಮದ ಮಟ್ಟಕ್ಕಿಂತ ಮೇಲೆ, ಸ್ಟ್ಯಾಂಡ್ ಹಾಕಿಸಿ ಇಡಿಸಿ. ಸೂರಿನ ನೀರು ಬೀಳುವ ಕಡೆಯಂತೂ ಬೇಡವೇ ಬೇಡ.

ಒಳಗಿನ ಹಳೇ ಕಾಯಿಲ್ ಉಳಿಸಿಕೊಳ್ಳುವ ಆಸೆ ಬಿಡಿ. 2025ರಿಂದ ಹೊಸ ಯೂನಿಟ್‌ಗಳಲ್ಲಿ ಬರುವ ರೆಫ್ರಿಜರೆಂಟ್ ಆರ್-454ಬಿ ಅಥವಾ ಆರ್-32, ಹಳೇ ಆರ್-410ಎ ಅಲ್ಲ. ಹೊರಗಿನದರ ಜೊತೆ ಒಳಗಿನದೂ ಬದಲಾಗಬೇಕು. ಪೈಪ್ ಜೋಡಿಸಿದ ಮೇಲೆ ನೈಟ್ರೋಜನ್ ತುಂಬಿ ಸೋರಿಕೆ ಪರೀಕ್ಷೆ ಮಾಡಿದರಾ, ವ್ಯಾಕ್ಯೂಮ್ 500 ಮೈಕ್ರಾನ್‌ಗಿಂತ ಕೆಳಗೆ ಇಳಿಸಿ ನಿಲ್ಲಿಸಿದರಾ ನೋಡಿ. ಗೇಜಿನ ಫೋಟೋ ಕೇಳೋದರಲ್ಲಿ ಸಂಕೋಚ ಏನಿಲ್ಲ.

ಇನ್ನು ಫರ್ನೆಸ್ ಇಲ್ಲದೆ ಪೂರ್ತಿ ಕರೆಂಟಿಗೆ ಹೋಗುವವರು: ಹೀಟ್ ಪಂಪ್‌ಗೆ ನೆರವಾಗಿ ನೇರ ಕರೆಂಟಿನಲ್ಲೇ ಕಾಯುವ 10 ಕಿಲೋವ್ಯಾಟ್‌ನ ಹೀಟ್ ಸ್ಟ್ರಿಪ್ ಒಂದಕ್ಕೇ 60 ಆಂಪ್ ಬ್ರೇಕರ್ ಬೇಕು. ಮನೆಗೆ 100 ಆಂಪ್ ಪ್ಯಾನಲ್ ಇದ್ದು, ಗ್ಯಾರೇಜಿನಲ್ಲಿ ಕಾರು ಬೇರೆ ಚಾರ್ಜ್ ಆಗುತ್ತಿದ್ದರೆ ಮೊದಲು ಎಲೆಕ್ಟ್ರಿಷಿಯನ್‌ಗೆ ಲೋಡ್ ಲೆಕ್ಕ ಮಾಡಿಸಿ. ಈ ಸ್ಟ್ರಿಪ್‌ಗಳ ಸಿಒಪಿ ಬರೀ 1. ರಾತ್ರಿ 62ಕ್ಕೆ ಇಳಿಸಿ ಬೆಳಿಗ್ಗೆ 70ಕ್ಕೆ ಏರಿಸುವ ಫರ್ನೆಸ್ ಕಾಲದ ಅಭ್ಯಾಸ ಮುಂದುವರಿಸಿದರೆ ಬೆಳಗಾಗುತ್ತಲೇ ಸ್ಟ್ರಿಪ್ ಉರಿಯುತ್ತೆ, ಬಿಲ್ಲೂ ಉರಿಯುತ್ತೆ. ಒಂದೇ ಡಿಗ್ರಿಗೆ ಇಟ್ಟು ಬಿಟ್ಟುಬಿಡಿ. ವೆಂಟ್‌ಗೆ ಕೈ ಹಿಡಿದು "ಬಿಸಿನೇ ಇಲ್ಲ" ಅಂತ ಗಾಬರಿಯಾಗಬೇಡಿ. ಫರ್ನೆಸ್ ಗಾಳಿ 120 ಡಿಗ್ರಿ ದಾಟುತ್ತೆ, ಇದರದ್ದು 90ರಿಂದ 105. ಮೈಶಾಖದ ಆಸುಪಾಸಿನ ಗಾಳಿ ಕೈಗೆ ಬಿಸಿ ಅನ್ನಿಸಲ್ಲ, ಮನೆ ಮಾತ್ರ ಬೆಚ್ಚಗಿರುತ್ತೆ.

2,000 ಡಾಲರ್ ಫೆಡರಲ್ ಟ್ಯಾಕ್ಸ್ ಕ್ರೆಡಿಟ್ ಆಸೆ ತೋರಿಸಿದರೆ ನಂಬಬೇಡಿ. 2025ರ ಡಿಸೆಂಬರ್ 31ರ ನಂತರ ಹಾಕಿಸಿದ್ದಕ್ಕೆ ಅದಿಲ್ಲ. ರಾಜ್ಯದ್ದು, ಕರೆಂಟ್ ಕಂಪನಿಯದ್ದು ಬೇರೆ, ಅವನ್ನು ವಿಚಾರಿಸಿ.

ಫರ್ನೆಸ್ಸೇ ಹಾಕಿಸುವವರಿಗೂ ಒಂದು ಮಾತು. 80 ಶೇಕಡಾದ ಹಳೇದು ತೆಗೆದು 95ರದ್ದು ಹಾಕಿದರೆ ಅದರ ಹೊಗೆ ಪಿವಿಸಿ ಪೈಪಿನಲ್ಲಿ ಗೋಡೆಯಾಚೆ ಹೋಗುತ್ತೆ. ಅಲ್ಲಿಯವರೆಗೆ ಅದರ ಜೊತೆ ಚಿಮಣಿ ಹಂಚಿಕೊಂಡಿದ್ದ ಗ್ಯಾಸ್ ವಾಟರ್ ಹೀಟರ್ ಒಂಟಿಯಾಗುತ್ತೆ. ಅಷ್ಟು ದೊಡ್ಡ ಚಿಮಣಿಯನ್ನು ಬಿಸಿ ಮಾಡುವಷ್ಟು ಶಕ್ತಿ ಅದಕ್ಕಿಲ್ಲದೆ ಹೊಗೆ, ಕಾರ್ಬನ್ ಮೊನಾಕ್ಸೈಡ್ ಸಮೇತ, ಮನೆಯೊಳಗೇ ವಾಪಸ್ ಬರಬಹುದು. ಚಿಮಣಿಯೊಳಗೆ ಇಳಿಸುವ ಸಣ್ಣ ಕೊಳವೆಯನ್ನು, ಅಂದರೆ ಲೈನರ್ ಅನ್ನು, ಕೊಟೇಶನ್‌ನಲ್ಲೇ ಬರೆಸಿಕೊಳ್ಳಿ.

ಈಗಾಗಲೇ ಜನವರಿ ಬಂದು ಫರ್ನೆಸ್ ನಿಂತೇಹೋಗಿದ್ದರೆ? ಹೊಸದು ಆರ್ಡರ್ ಮಾಡುವ ಮೊದಲು ಏನು ಕೆಟ್ಟಿದೆ ಅಂತ ಹೆಸರು ಹಿಡಿದು ಕೇಳಿ. ಕಪ್ಪು ಹಿಡಿದ ಫ್ಲೇಮ್ ಸೆನ್ಸರ್, ಒಡೆದ ಇಗ್ನೈಟರ್, ನೀರಿನ ಪೈಪ್ ಕಟ್ಟಿಕೊಂಡು ಬಿದ್ದುಹೋದ ಪ್ರೆಶರ್ ಸ್ವಿಚ್, ಧೂಳು ತುಂಬಿದ ಫಿಲ್ಟರ್‌ನಿಂದ ಕಡಿದುಕೊಂಡ ಲಿಮಿಟ್ ಸ್ವಿಚ್, ಇವೆಲ್ಲ ಹೊಸ ಫರ್ನೆಸ್ ಬೇಡುವ ರೋಗಗಳಲ್ಲ. ಉರಿಯ ಹೊಗೆಯನ್ನು ಮನೆಯ ಗಾಳಿಯಿಂದ ಬೇರೆ ಇಡುವ ಹೀಟ್ ಎಕ್ಸ್‌ಚೇಂಜರ್ ಬಿರುಕು ಬಿಟ್ಟಿದೆ ಅಂದರೆ ಮಾತ್ರ ಗ್ಯಾಸ್ ಬಂದ್ ಮಾಡಿ, ಬಿರುಕಿನ ಫೋಟೋ ತೋರಿಸಿ ಅನ್ನಿ, ವಾರಂಟಿ ಹುಡುಕಿ. ಉಳಿದದ್ದಾದರೆ ಆ ಪಾರ್ಟ್ ಹಾಕಿಸಿಕೊಂಡು ಜುಲೈವರೆಗೆ ತಳ್ಳಿ.