ನೆರಳಿಲ್ಲದ ಗೋದಾಮು

"ತಾತ, ಈ ಗೋದಾಮಿಗೆ ಬಾಗಿಲೇ ಇಲ್ವಲ್ಲ?" ಅಂತ ಮೊಮ್ಮಗಳು ಕೇಳಿದಾಗ ನಾನು ಮೇಜಿನ ಮೇಲಿನ ಪುಟ್ಟ ರೈಲಿನ ಹಳಿ ಪಕ್ಕ ಜಲ್ಲಿ ಅಂಟಿಸುತ್ತಿದ್ದೆ. ಅಂಟು ಒಣಗುವ ಮೊದಲು ಮುಗಿಸಬೇಕಿತ್ತು. "ಆ ಕಡೆ ಇದೆ ನೋಡು" ಅಂದೆ. ಅವಳು ಆ ಕಡೆಗೂ ಹೋಗಿ ಬಂದಳು. ಅಲ್ಲೂ ಇರಲಿಲ್ಲ.

ಮೂರು ತಿಂಗಳಿಂದ ಮನೆಗೆ ಬಂದವರೆಲ್ಲ ನನ್ನ ರೈಲು ನೋಡಿ, ಹೊಗಳಿ, ಕಾಫಿ ಕುಡಿದು ಹೋಗಿದ್ದಾರೆ. ಒಬ್ಬರೂ ಬಾಗಿಲು ಕೇಳಿರಲಿಲ್ಲ. ದೊಡ್ಡವರು ನಿಂತುಕೊಂಡು ನೋಡುತ್ತಾರೆ, ಅವರಿಗೆ ಕಾಣುವುದು ಮಾಡು ಮಾತ್ರ. ಇವಳ ಕಣ್ಣು ಸರಿಯಾಗಿ ಮೇಜಿನ ಮಟ್ಟಕ್ಕೆ ಬರುತ್ತದೆ. ನಾನೂ ಆ ಗೋದಾಮನ್ನು ಮೇಲಿಂದಲೇ ನೋಡಿದವನು, ಉಪಗ್ರಹ ಎಷ್ಟು ಮೇಲಿದೆಯೋ ಅಷ್ಟು ಮೇಲಿಂದ.

ಕೊಡಗಿನಲ್ಲಿ ರೈಲಿಲ್ಲ. ಹಾಗಾಗಿ ಸೋಮವಾರಪೇಟೆಗೆ ನಾನೇ ತಂದಿದ್ದೇನೆ, ಕಾಫಿ ಮೂಟೆ ಇಡುವ ಕೋಣೆಯಲ್ಲಿ, 1:87 ಅಳತೆಯಲ್ಲಿ, ಅಂದರೆ ನಿಜದ 87 ಅಡಿ ಇಲ್ಲಿ ಒಂದೇ ಅಡಿ. ಮನೆ, ಅಂಗಡಿ ನಮ್ಮ ಕಡೆಯವು. ಸ್ಟೇಷನ್ ಮಾತ್ರ ಎಡಕುಮೇರಿಯಿಂದ ಎರವಲು. ಅದಾದರೂ ಸುಲಭವಾಗಿ ಸಿಕ್ಕಿತಾ? ಸಕಲೇಶಪುರ ದಾಟಿ ಸುಬ್ರಹ್ಮಣ್ಯದ ಕಡೆ ಇಳಿಯುವ ಆ ಘಾಟಿಯಲ್ಲಿ 57 ಸುರಂಗಗಳಿವೆ. ಫೋನಿನ ಉಪಗ್ರಹ ಮ್ಯಾಪಿನಲ್ಲಿ ಹಳಿ ಹಿಡಿದು ಹೋದರೆ ಕಾಣುತ್ತದೆ, ಮಾಯವಾಗುತ್ತದೆ, ಮತ್ತೆ ಕಾಣುತ್ತದೆ. ಕೊನೆಗೆ ಸ್ಟೇಷನ್ ಸಿಕ್ಕಿತು ಅಂದರೆ ಬರೀ ಮಾಡು. ಸರಿ, ಜನ ಹಾಕಿದ ಫೋಟೊಗಳಾದರೂ ಇವೆಯಲ್ಲ ಅಂತ ಹುಡುಕಿದೆ. ನೂರಾರು ಇವೆ. ಎಲ್ಲದರಲ್ಲೂ ಯಾರೋ ಒಬ್ಬ ಹೆಗಲಿಗೆ ಬ್ಯಾಗ್ ಹಾಕಿಕೊಂಡು, ಎರಡು ಬೆರಳು ತೋರಿಸಿಕೊಂಡು, ನನಗೆ ಬೇಕಾದ ಕಿಟಕಿಗೆ ಸರಿಯಾಗಿ ಅಡ್ಡ ನಿಂತಿದ್ದಾನೆ. ಸ್ವಲ್ಪ ಪಕ್ಕಕ್ಕೆ ನಿಂತಿದ್ದರೆ ಇವನ ಗಂಟೇನು ಹೋಗುತ್ತಿತ್ತು?

ಗೋದಾಮಿನ ಕಥೆಗೆ ಬರುತ್ತೇನೆ. ಗೂಡ್ಸ್ ಗಾಡಿಗೆ ಒಂದು ಗೋದಾಮು ಬೇಕಿತ್ತು. ಮ್ಯಾಪಿನಲ್ಲಿ ನಮ್ಮೂರಿಂದ ಹದಿನಾಲ್ಕು ಕಿಲೋಮೀಟರ್ ಆಚೆ, ತೋಟದ ನಡುವೆ, ಕಡು ಕಂದು ಬಣ್ಣದ ಚಪ್ಪಟೆ ಮಾಡು ಕಂಡಿತು. ಎಷ್ಟು ಚೌಕ, ಎಷ್ಟು ಚೊಕ್ಕ! ಅಳತೆ ಪಟ್ಟಿ ಎಳೆದೆ. 60 ಅಡಿಗೆ 40 ಅಡಿ. ನನ್ನ ಮೇಜಿನ ಮೇಲೆ 21 ಸೆಂಟಿಮೀಟರಿಗೆ 14. ಇನ್ನು ಎತ್ತರ. ಅದಕ್ಕೆ ನನ್ನದೊಂದು ಲೆಕ್ಕ ಇದೆ, ಬಹಳ ಹೆಮ್ಮೆಯದ್ದು. ಒಂದೇ ಚಿತ್ರದಲ್ಲಿ, ಎತ್ತರ ಗೊತ್ತಿರುವ ಕಟ್ಟಡ ಒಂದಿದ್ದರೆ ಸಾಕು. ನಮ್ಮ ಮನೆ 18 ಅಡಿ, ಅದರ ನೆರಳು 12 ಅಡಿ. ಇನ್ನೊಂದರ ನೆರಳು 16 ಇದ್ದರೆ ಅದರ ಎತ್ತರ 24. ನೆಲ ಸಮತಟ್ಟಾಗಿರಬೇಕು ಅಷ್ಟೇ, ಅಂದರೆ ಈ ಲೆಕ್ಕ ಕೊಡಗಿನಲ್ಲಿ ನಡೆಯುವುದಿಲ್ಲ. ಇಲ್ಲಿ ನೆರಳು ಇಳಿಜಾರಿನಲ್ಲಿ ಉದ್ದಕ್ಕೆ ಜಾರಿಕೊಂಡು ಹೋಗುತ್ತದೆ. ಆದರೂ ನಾನು ಬಿಟ್ಟಿರಲಿಲ್ಲ.

ಈ ಗೋದಾಮಿಗೆ ನೆರಳೇ ಇರಲಿಲ್ಲ. ಸುತ್ತ ಸಿಲ್ವರ್ ಓಕ್ ಮರ ಇದೆಯಲ್ಲ, ಅದರ ನೆರಳಲ್ಲಿ ಇದರದ್ದು ಸೇರಿಹೋಗಿರಬೇಕು ಅಂದುಕೊಂಡು, ಎತ್ತರ 20 ಅಡಿ ಅಂತ ಸುಮ್ನೆ ಹಾಕಿಕೊಂಡೆ. ಹದಿನೈದು ದಿನ ರಟ್ಟು ಕೊಯ್ದೆ.

ಈಗ ಮೊಮ್ಮಗಳು ಬಾಗಿಲು ಕೇಳಿದ್ದಾಳೆ. ಮಳೆ ಸ್ವಲ್ಪ ಬಿಟ್ಟ ದಿನ ನೋಡಿ ಸ್ಕೂಟರ್ ಹತ್ತಿದೆ. ಜುಲೈ ತಿಂಗಳು, ರೈನ್‌ಕೋಟ್ ಒಳಗೂ ನೀರು. ಹೋಗಿ ನೋಡಿದರೆ ಮನೆ ಇದೆ, ಸಿಲ್ವರ್ ಓಕ್ ಇದೆ, ಗೋದಾಮಿಲ್ಲ! ಆ ಜಾಗದಲ್ಲಿ ಪಾಚಿ ಕಟ್ಟಿದ ಸಿಮೆಂಟ್ ನೆಲ. ಜಗುಲಿಯಲ್ಲಿ ವಯಸ್ಸಾದ ಅಮ್ಮ ಒಬ್ಬರು ಕೂತಿದ್ದರು.

"ಅಮ್ಮಾ, ಗೋದಾಮು ಯಾವಾಗ ಕೆಡವಿದ್ರಿ?"

ಅವರು ಎದ್ದು ನಿಂತರು. "ನಾವು ಏನೂ ಕಟ್ಟಿಲ್ಲ, ಏನೂ ಕೆಡವಿಲ್ಲ. ಯಾರು ಅರ್ಜಿ ಕೊಟ್ಟಿದ್ದು?"

ಫೋನ್ ತೆಗೆದು ಚಿತ್ರ ತೋರಿಸಿದೆ. ಕನ್ನಡಕ ತಂದರು. ಬಹಳ ಹೊತ್ತು ನೋಡಿದರು.

"ಅಯ್ಯೋ, ಇದು ಕಣ ಕಣಪ್ಪ! ಕಾಫಿ ಒಣಗ್ತಾ ಇದೆ."

ಅರವತ್ತು ವರ್ಷ ಕೊಡಗಿನಲ್ಲಿದ್ದೇನೆ. ಚಿಕ್ಕಂದಿನಲ್ಲಿ ಕಣದಲ್ಲಿ ಕಾಫಿ ಎಳೆದು ಎಳೆದು ಅಂಗೈಯಲ್ಲಿ ಬೊಕ್ಕೆ ಎದ್ದಿದೆ. ನಮ್ಮಲ್ಲಿ ಮೋಡ ಬಿಟ್ಟು ಒಳ್ಳೆ ಚಿತ್ರ ಸಿಗುವುದೇ ಜನವರಿ, ಫೆಬ್ರವರಿಯಲ್ಲಿ, ಕಣದ ತುಂಬ ಚೆರಿ, ಅಂದರೆ ಕಾಫಿ ಹಣ್ಣು, ಹರಡಿರುವುದೂ ಆಗಲೇ. ಇಷ್ಟು ಹೊಳೆಯಲಿಲ್ಲ ನನಗೆ.

ಆಮೇಲೆ ಬೆಲ್ಲದ ಕಾಫಿ ಕೊಟ್ಟರು. "ಇದೆಲ್ಲ ಯಾಕೆ ಬೇಕಿತ್ತು?" ಅಂದರು.

"ಆಟದ ರೈಲಿಗೆ."

"ಮಕ್ಕಳಿಗಾ?"

"ಅಲ್ಲ, ನನಗೇ."

ಅವರು ಏನೂ ಹೇಳಲಿಲ್ಲ. ಇನ್ನೊಂದು ಲೋಟ ಕಾಫಿ ಬೇಕಾ ಅಂತ ಮೆತ್ತಗೆ ಕೇಳಿದರು.

ತಪ್ಪು ನನ್ನದೇ, ಒಪ್ಪಿದೆ. ಆದರೆ ಮ್ಯಾಪಿನ ಮೇಲೆ ನನಗೆ ಬೇರೆ ಸಿಟ್ಟು ಇದೆ. ಅದರಲ್ಲಿ ಹಳೆ ವರ್ಷಗಳ ಚಿತ್ರವನ್ನೂ ನೋಡಬಹುದು. ಹಂಚಿನ ಮನೆಗಳ ಹಳೆ ರೂಪ ಸಿಗಲಿ ಅಂತ ಹಿಂದಕ್ಕೆ ಹೋಗಿದ್ದೆ. ಮತ್ತೆ ಮುಂದಕ್ಕೆ ಬರುತ್ತಾ ಇದ್ದರೆ ಹಸಿರಿನ ನಡುವೆ ಒಂದು ನೀಲಿ ಚುಕ್ಕೆ, ಆಮೇಲೆ ಎರಡು, ಆಮೇಲೆ ಐದು. ಎಲ್ಲ ರೆಸಾರ್ಟ್‌ಗಳ ಈಜುಕೊಳ. ವರ್ಷಕ್ಕೆ ನಾಲ್ಕು ತಿಂಗಳು ಆಕಾಶವೇ ನೀರು ಸುರಿಯುವ ಊರಲ್ಲಿ ನೀರಿಗಿಳಿಯಲು ದುಡ್ಡು ಕೊಡುತ್ತಾರೆ ಜನ! ಅವರಲ್ಲಿ ಕೆಲವರು ರಾತ್ರಿ ಹನ್ನೊಂದಕ್ಕೆ ನಮ್ಮ ತೋಟದ ಗೇಟಿನ ಮುಂದೆ ಹಾರ್ನ್ ಹೊಡೆಯುತ್ತಾರೆ. ನಮ್ಮ ಜೀಪ್ ದಾರಿಯನ್ನು ಮ್ಯಾಪ್ ರಸ್ತೆ ಅಂತ ತೋರಿಸುತ್ತದಂತೆ. ನನ್ನ ಮೇಜಿನ ಮೇಲೆ ಒಂದೂ ಈಜುಕೊಳ ಇಟ್ಟಿಲ್ಲ. ಇಡುವುದೂ ಇಲ್ಲ.

ಗೋದಾಮನ್ನು ಎತ್ತಿ ಬೀರುವಿನ ಮೇಲೆ ಇಟ್ಟಿದ್ದೇನೆ. ಆ ಜಾಗದಲ್ಲಿ 21ಕ್ಕೆ 14ರ ರಟ್ಟು ಅಂಟಿಸಿ, ಮೇಲೆ ಕಾಫಿ ಪುಡಿ ಉದುರಿಸಿದೆ. ಪುಡಿ ಡಬ್ಬಿ ಅರ್ಧಕ್ಕೆ ಬಂದದ್ದು ಯಾಕೆ ಅಂತ ಮನೆಯವಳು ಇನ್ನೂ ಕೇಳಿಲ್ಲ. ಗೂಡ್ಸ್ ಗಾಡಿ ಮಾತ್ರ ಸುಮ್ನೆ ಸುತ್ತುತ್ತಿದೆ, ನಿಲ್ಲಲು ಜಾಗವಿಲ್ಲ.

ನಿನ್ನೆ ರಾತ್ರಿ ಶನಿವಾರಸಂತೆ ಕಡೆ ಒಂದು ಉದ್ದನೆಯ ಬಿಳಿ ಮಾಡು ಸಿಕ್ಕಿದೆ. ನೆರಳಿದೆ. ಎರಡು ಸಲ ನೋಡಿದೆ.