ಅರೋಬಾಯ ನಮಃ

ಟ್ರಂಪ್ ಸಾಹೇಬರ ದನದ ಮಾಂಸದ ಪ್ರಕರಣ ನಿಮಗೆ ಗೊತ್ತೇ ಇದೆ. 2025ರಲ್ಲಿ ಬ್ರೆಜಿಲಿನ ಮೇಲೆ ಸುಂಕ ಜಡಿದರು, ತಮ್ಮೂರಿನಲ್ಲೇ ಮಾಂಸ ತುಟ್ಟಿಯಾಗಿ ಜನ ಗೊಣಗತೊಡಗಿದಾಗ ಮೆಲ್ಲಗೆ ವಿನಾಯಿತಿ ಕೊಟ್ಟರು. ಆ ದಿನಗಳಲ್ಲಿ ಬ್ರೆಜಿಲಿನ ಮಾರುಕಟ್ಟೆ ಸುದ್ದಿ ಓದಬೇಕಿತ್ತು. ಅರೋಬ ಇಳಿಯಿತು, ಅರೋಬ ಏರಿತು, ಅರೋಬ ಸ್ಥಿರವಾಗಿದೆ. ತಿಳಿಯದವರು ಇದು ಆಸ್ಪತ್ರೆಯಲ್ಲಿರುವ ಯಾವುದೋ ದೊಡ್ಡ ಮನುಷ್ಯರ ಆರೋಗ್ಯ ವರದಿ ಎಂದುಕೊಳ್ಳಬೇಕು.

ಅರೋಬ ಒಂದು ತೂಕ, ಅಷ್ಟೇ. ಏರಿಳಿಯುವುದು ಅಷ್ಟು ತೂಕದ ದನದ ಮಾಂಸದ ಬೆಲೆ. ಬ್ರೆಜಿಲಿನಲ್ಲಿ ಹದಿನೈದು ಕಿಲೋ. ಹಾಗಾದರೆ ಹದಿನೈದು ಕಿಲೋ ಎಂದೇ ಹೇಳಬಾರದೇ ಎಂದು ಕೇಳಿದಿರೋ, ನಿಮಗೆ ವ್ಯಾಪಾರ ಗೊತ್ತಿಲ್ಲ. ಸಾವೊ ಪಾಲೊದ ಷೇರು ವಿನಿಮಯ ಕೇಂದ್ರದಲ್ಲಿ, ಅಷ್ಟೆಲ್ಲ ಕಂಪ್ಯೂಟರುಗಳ ನಡುವೆ, ದನದ ವಾಯಿದೆ ವ್ಯಾಪಾರದ ಒಂದು ಒಪ್ಪಂದಕ್ಕೆ 330 ಅರೋಬ. ಇದು ಕಡಿದ ಮಾಂಸದ ಲೆಕ್ಕ. ದನ ಇನ್ನೂ ನಿಂತುಕೊಂಡಿದ್ದರೆ ಮೂವತ್ತು ಕಿಲೋಗೆ ಒಂದು ಅರೋಬ ಎಂದು ಅಂದಾಜು ಹಾಕುತ್ತಾರೆ. ಅರ್ಧದಷ್ಟು ತಲೆ, ತೊಗಲು, ಕರುಳಿಗೆ ಹೋಯಿತು ಅಂತ. ತಾನು ಬದುಕಿರುವಾಗಲೇ ತನ್ನ ಅರ್ಧವನ್ನು ಲೆಕ್ಕದಿಂದ ಹೊಡೆದುಹಾಕಿದ್ದಾರೆ ಎಂದು ಆ ಪ್ರಾಣಿಗೆ ಯಾರೂ ಹೇಳಿರಲಿಕ್ಕಿಲ್ಲ. ಅಂದಹಾಗೆ, ಅವುಗಳಲ್ಲಿ ಬಹುಪಾಲು ನಮ್ಮ ಪಕ್ಕದ ಆಂಧ್ರದ ಓಂಗೋಲು ತಳಿಯ ಮರಿಮಕ್ಕಳು. ಅಲ್ಲಿ ನೆಲೋರೆ ಎನ್ನುತ್ತಾರೆ. ಗ್ರೀನ್ ಕಾರ್ಡಿನ ರಗಳೆಯಿಲ್ಲದೆ ಅಮೆರಿಕ ಖಂಡದಲ್ಲಿ ನೆಲೆ ನಿಂತ ತೆಲುಗರು!

ಈ ಹದಿನೈದು ಕಿಲೋವನ್ನೂ ಪೂರ್ತಿ ನಂಬಬೇಡಿ. ಹಳೆಯ ಪೋರ್ಚುಗಲ್ಲಿನ ಅರೋಬ 14.688 ಕಿಲೋ. ಗಡಿ ದಾಟಿ ಸ್ಪೇನಿನ ಕಾಸ್ಟೀಲಿಗೆ ಬಂದರೆ 11.5. ಅಲ್ಲಿಂದ ಪಕ್ಕದ ಅರಗಾನ್‌ಗೆ ಹೋದರೆ 12.5. ಹೊರೆ ಹೊತ್ತ ಹೇಸರಗತ್ತೆಗೆ ಮಾತ್ರ ಎಲ್ಲ ಕಡೆಯೂ ಒಂದೇ ಭಾರ, ಪಾಪ. ದ್ರವಕ್ಕೂ ಅರೋಬ ಉಂಟು: ವೈನಾದರೆ ಹದಿನಾರು ಲೀಟರ್ ಚಿಲ್ಲರೆ, ಎಣ್ಣೆಯಾದರೆ ಹನ್ನೆರಡೂವರೆ. ಈ ವೈವಿಧ್ಯವನ್ನು ಸಂಸ್ಕೃತಿ ಎಂದು ಕೊಂಡಾಡಬೇಕು. ಲಾಭ ಎಂದು ಕರೆದರೆ ಚೆನ್ನಾಗಿರುವುದಿಲ್ಲ.

ನಾಲ್ಕು ಅರೋಬಕ್ಕೆ ಒಂದು ಕ್ವಿಂಟಲ್. ಲಿಸ್ಬನ್ನಿನಲ್ಲಿ ಅದು ಸುಮಾರು 59 ಕಿಲೋ. ಆದರೆ ನಮ್ಮ ಪಶ್ಚಿಮ ಕರಾವಳಿಯಿಂದ ಹಡಗು ತುಂಬಿ ಹೋದ ಕಾಳುಮೆಣಸಿಗೆ ‘ಹಳೆ ತೂಕ’ದ ಕ್ವಿಂಟಲ್ ಅಂತ ಬೇರೆಯೇ ಇಟ್ಟುಕೊಂಡಿದ್ದರು, ಸುಮಾರು 51 ಕಿಲೋದ್ದು. ಇಂದು ನಮ್ಮ ಎಪಿಎಂಸಿಯಲ್ಲಿ ಕ್ವಿಂಟಲ್ ಎಂದರೆ ನೂರು ಕಿಲೋ ಎಂದು ನಿಶ್ಚಿಂತೆಯಿಂದ ಇರುವ ಅಡಿಕೆಯವರು ಇದನ್ನು ಓದದಿರುವುದೇ ಒಳ್ಳೆಯದು.

ಸರಿಪಡಿಸಲು ಯಾರೂ ಯತ್ನಿಸಲಿಲ್ಲ ಎನ್ನುವಂತಿಲ್ಲ. 1801ರಲ್ಲಿ ಸ್ಪೇನಿನ ದೊರೆ ನಾಲ್ಕನೇ ಕಾರ್ಲೋಸ್ ದೇಶಕ್ಕೆಲ್ಲ ಒಂದೇ ಅಳತೆ ಎಂದು ಅಪ್ಪಣೆ ಹೊರಡಿಸಿದ. ದೇಶ ತಲೆಬಾಗಿ ನಮಸ್ಕರಿಸಿ ತನ್ನ ಪಾಡಿಗೆ ತೂಗುತ್ತಾ ಹೋಯಿತು. 1849ರಲ್ಲಿ ರಾಣಿ ಇಸಾಬೆಲ್ಲಳ ಸರ್ಕಾರ ಮೆಟ್ರಿಕ್ ಕಾನೂನು ತಂದಿತು. ತಂದ ಮೇಲೆ, ಯಾವ ಪ್ರಾಂತದ ಯಾವ ಅಳತೆ ಎಷ್ಟು ಎಂಬ ಕೋಷ್ಟಕವನ್ನು 1852ರಲ್ಲಿ ಪ್ರಕಟಿಸಬೇಕಾಯಿತು. ಗೊಂದಲ ರದ್ದುಮಾಡಲು ಹೊರಟವರು ಮೊದಲು ಅದಕ್ಕೆ ಸರ್ಕಾರಿ ಮುದ್ರೆ ಒತ್ತಿದರು.

ಬ್ರೆಜಿಲ್ ಇನ್ನೂ ಶಿಸ್ತಿನದು. 1862ರಲ್ಲಿ ಕಾನೂನು, ಹತ್ತು ವರ್ಷದ ಗಡುವು. 1874ರಲ್ಲಿ ಈಶಾನ್ಯದ ಪರೈಬಾದ ಸಂತೆಗಳಲ್ಲಿ ರೈತರು ಕಿಲೋ ಬಟ್ಟುಗಳನ್ನು ಕಿತ್ತು ಒಡೆದು ಬಿಸಾಡಿದರು, ದಂಗೆ ಪೆರ್ನಾಂಬುಕೊಗೂ ಹಬ್ಬಿತು. ಹೆಸರು ‘ಕೇಬ್ರ ಕಿಲೋಸ್’, ಅಂದರೆ ಕಿಲೋ ಒಡೆಯುವವರು. ಓದಿದವರು ನಕ್ಕರು: ಹಳ್ಳಿ ಗಮಾರರು, ವಿಜ್ಞಾನ ಗೊತ್ತಿಲ್ಲ. ಆ ಗಮಾರರಿಗೆ ಒಂದು ವಿಷಯ ಚೆನ್ನಾಗಿ ಗೊತ್ತಿತ್ತು. ಹೊಸ ಬಟ್ಟಿನ ಜೊತೆಗೇ ಹೊಸ ತೆರಿಗೆಗಳೂ ಬಂದಿದ್ದವು. ಸಂತೆಯಲ್ಲಿ ಚೀಲ ನೆಲಕ್ಕಿಟ್ಟರೆ ಆ ನೆಲಕ್ಕೂ ಸುಂಕ. ಸೈನ್ಯ ಬಂತು. ಹಿಡಿದವರ ಮೈಗೆ ಹಸಿ ತೊಗಲಿನ ಅಂಗಿ ಹೊಲಿದರು. ಒಣಗಿದಂತೆ ಅದು ಬಿಗಿದು ಎದೆ ಹಿಂಡುತ್ತದೆ. ಇದರಲ್ಲಿ ನಗಲು ನನಗೆ ಏನೂ ಸಿಗುತ್ತಿಲ್ಲ. ಬಡವನಿಗೆ ಕಿಲೋ ಕಲಿಸಲು ಉಸಿರು ಕಟ್ಟಿಸಿದ ದೇಶದಲ್ಲೇ ದನದ ಧಣಿಗಳು ಇಂದಿಗೂ ಆರಾಮಾಗಿ ಅರೋಬದಲ್ಲಿ ತೂಗುತ್ತಾರೆ. ಅವರಿಗೆ ಯಾರೂ ಅಂಗಿ ಹೊಲಿಯಲಿಲ್ಲ.

ಸ್ಪೇನಿನವರು ಜಾಣರು. ಓಕ್ ಕಾಯಿ ತಿಂದು ಬೆಳೆಯುವ ಐಬೀರಿಯನ್ ಹಂದಿಗಾಗಿ 2014ರಲ್ಲಿ ಒಂದು ರಾಜಾಜ್ಞೆ ಬಂದಿದೆ, ಪೂರ್ತಿ ಕಿಲೋಗಳಲ್ಲಿ. ಕಾಡಿಗೆ ಬಿಡುವಾಗ ಹಂದಿಗಳ ಸರಾಸರಿ ತೂಕ 92ರಿಂದ 115 ಕಿಲೋ ಇರಬೇಕು, ಅಲ್ಲಿ ಮೇದು ಕನಿಷ್ಠ 46 ಕಿಲೋ ಕೊಬ್ಬಬೇಕು. ಎಷ್ಟು ಸೂಕ್ಷ್ಮ! ತೊಂಬತ್ತಲ್ಲ, ತೊಂಬತ್ತೆರಡು. ಯಾವ ಪ್ರಯೋಗಾಲಯದ ತಪಸ್ಸಿನಿಂದ ಬಂತೋ ಎಂದು ಕೈಮುಗಿಯುವ ಮುನ್ನ ಕಾಸ್ಟೀಲಿನ ಆ ಹನ್ನೊಂದೂವರೆಯಿಂದ ಭಾಗಿಸಿ ನೋಡಿ. ಎಂಟು ಅರೋಬ, ಹತ್ತು ಅರೋಬ, ನಾಲ್ಕು ಅರೋಬ.